ಬೇಡಿಕೆಯ ಅಂದಾಜಿಗೆ ಪಂಚಾಂಗ

ಚಿಲ್ಲರೆ ಮಾರಾಟ ಸರಪಳಿಗಳ ಬೇಡಿಕೆ ಯೋಜಕರು ಸಾಮಾನ್ಯವಾಗಿ ಹಿಂದಿನ ವರ್ಷದ ಅದೇ ವಾರದ ಮಾರಾಟವನ್ನು ಆಧಾರವಾಗಿಟ್ಟುಕೊಂಡು ಸರಕು ತರಿಸುತ್ತಾರೆ. ಮಲ್ಲೇಶ್ವರ, ಗಾಂಧಿ ಬಜಾರುಗಳಲ್ಲಿ ಈ ಲೆಕ್ಕ ಶ್ರಾವಣದಲ್ಲಿ ತಪ್ಪುತ್ತದೆ. ಅಧಿಕ ಮಾಸದ ಕಾರಣ 2023ರಲ್ಲಿ ವರಮಹಾಲಕ್ಷ್ಮೀ ವ್ರತ ಆಗಸ್ಟ್ 25ಕ್ಕೆ ಬಂದಿತ್ತು. 2024ರಲ್ಲಿ 16ಕ್ಕೆ, 2025ರಲ್ಲಿ 8ಕ್ಕೆ. ತಾರೀಖನ್ನೇ ನಂಬಿದವರ ಸರಕು ಹಬ್ಬ ಕಳೆದ ಮೇಲೆ ಅಂಗಡಿ ಸೇರುತ್ತದೆ. ರವಿಕೆ ಕಣ ಮುಂದಿನ ವರ್ಷಕ್ಕಾದೀತು, ಬಂಡವಾಳ ಮಾತ್ರ ಕಟ್ಟಿಬೀಳುತ್ತದೆ, ಹೂವಂತೂ ಉಳಿಯದು. ಹಳೆಯ ಅಂಗಡಿಕಾರರಿಗೆ ಇದನ್ನು ಹೇಳಬೇಕಾದುದಿಲ್ಲ, ಗಣಕಯಂತ್ರಕ್ಕೆ ಹೇಳಬೇಕು. ದಿನದ ಮಾರಾಟದ ಪಕ್ಕದಲ್ಲಿ ‘ಹಬ್ಬಕ್ಕೆ ಇಷ್ಟು ದಿನ ಮೊದಲು’ ಎಂದು ಬರೆದಿಟ್ಟು, ಅದರಂತೆ ವರ್ಷಗಳನ್ನು ಹೋಲಿಸುವುದು ಲೇಸು. ಸಣ್ಣ ತಯಾರಕರಿಗೂ ಆಗ ಬೇಡಿಕೆ ಸಕಾಲದಲ್ಲಿ ತಲುಪುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಕಾರ್ತಿಕದ ಕಡೆಯ ಸೋಮವಾರವನ್ನೇ ಅನುಸರಿಸುತ್ತದೆ: 2023ರಲ್ಲಿ ಡಿಸೆಂಬರ್ 11, 2025ರಲ್ಲಿ ನವೆಂಬರ್ 17.