ಹಿಮವನ್ನೆಸೆಯುವ ಯಂತ್ರ: ಮೊದಲ ಸಲ ಕೊಳ್ಳುವವರು ನೋಡತಕ್ಕ ಸಂಗತಿಗಳು

ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕಾ, ಕೆನಡಾ ದೇಶಗಳಲ್ಲಿ ಸ್ವಂತ ಮನೆ ಮಾಡಿಕೊಂಡು ನೆಲಸಿರುವುದು ವಾಚಕರು ಅರಿತ ವಿಷಯವೇ ಸರಿ. ಮಾಡು ಸೋರುತ್ತದೆಯೆಂದೋ ಗೋಡೆ ಬಿರಿದಿದೆಯೆಂದೋ ಅವರು ಹೇಳಿದರೆ ಹಿರಿಯರಾದ ನಾವು ಇಲ್ಲಿಂದಲೇ ಒಂದೆರಡು ಬುದ್ಧಿಮಾತು ಹೇಳಬಲ್ಲೆವು. ಬಾಗಿಲ ಮುಂದೆ ಸೊಂಟದೆತ್ತರ ಹಿಮ ಬಿದ್ದಿದೆಯೆಂದರೆ ನಮ್ಮ ಅನುಭವವು ಅಲ್ಲಿಗೆ ಮುಗಿಯಿತು. ನಾನು ಒಂದು ಚಳಿಗಾಲವನ್ನು ನ್ಯೂಯಾರ್ಕ್ ಸಂಸ್ಥಾನದ ಬಫಲೋ ನಗರದ ಹತ್ತಿರ ಮನೆ ಕೊಂಡಿರುವ ಮಗನಲ್ಲಿ ಕಳೆದೆನು. ಅವನು ಮೊದಲ ಸಲ ಹಿಮ ತೆಗೆಯುವ ಯಂತ್ರವನ್ನು ಕೊಂಡುದು ಆಗಲೇ. ನೋಡಿ ಕೇಳಿ ತಿಳಿದುದನ್ನು ಇಲ್ಲಿ ಬರೆಯುತ್ತೇನೆ.

ಬಫಲೋ ನಗರವು ಈರೀ ಸರೋವರದ ಪೂರ್ವದ ತುದಿಯಲ್ಲಿದೆ. ಸರೋವರದ ನೀರು ಇನ್ನೂ ಹೆಪ್ಪುಗಟ್ಟದಿರುವಾಗ ಅದರ ಮೇಲೆ ಹಾಯುವ ಶೀತಲವಾದ ಗಾಳಿಯು ಆವಿಯನ್ನು ಹೀರಿಕೊಂಡು ದಡಕ್ಕೆ ಬಂದು ಹಿಮವಾಗಿ ಸುರಿಸುತ್ತದೆ. 2022 ನೆಯ ಇಸವಿ ನವೆಂಬರಿನಲ್ಲಿ ಆರ್ಚರ್ಡ್ ಪಾರ್ಕ್ ಎಂಬಲ್ಲಿ ಕೆಲವೇ ದಿನಗಳೊಳಗೆ 6 ಅಡಿಗೂ ಮೇಲೆ ಬಿದ್ದಿತು.

ನನ್ನ ಮಗನ ಮನೆಯಲ್ಲಿ ಬೀದಿಯಿಂದ ಮೋಟಾರು ನಿಲ್ಲಿಸುವ ಕೊಠಡಿಯವರೆಗೆ ಹೋಗುವ ಹಾದಿಯು 100 ಅಡಿ ಉದ್ದ, 20 ಅಡಿ ಅಗಲ. ಒಂದು ಅಡಿ ಹಿಮ ಬಿದ್ದರೆ 2000 ಘನ ಅಡಿಯಾಯಿತು. ಹಗುರವಾದ ಹೊಸ ಹಿಮವೆಂದು ಹಿಡಿದರೂ ಘನ ಅಡಿಗೆ ಸುಮಾರು 6 ಪೌಂಡು; ಒಟ್ಟು 12000 ಪೌಂಡು, ಎಂದರೆ ಹತ್ತಿರ ಹತ್ತಿರ ಐದೂವರೆ ಟನ್ನು. ನೀರುಗೂಡಿದ ಹಿಮವಾದರೆ ಇದರ ಎರಡು ಮೂರು ಪಾಲು. ಈ ಲೆಕ್ಕವನ್ನು ಮೊದಲೇ ಮಾಡದೆ ನಾನು ಒಂದು ಬೆಳಿಗ್ಗೆ, ಮಗನು ಏಳುವುದಕ್ಕೆ ಮುಂಚೆ, ಸಲಿಕೆ ಹಿಡಿದು ಹೊರಟೆನು. ಹತ್ತು ನಿಮಿಷಕ್ಕೆ ಉಸಿರು ಸಿಕ್ಕಿಕೊಂಡು ಎದೆ ಹಿಡಿದಂತಾಯಿತು. ಅವನು ಓಡಿಬಂದು ಸಲಿಕೆಯನ್ನು ಕಿತ್ತುಕೊಂಡು, “ಅಪ್ಪಾ, ಇಲ್ಲಿ ಪ್ರತಿ ವರ್ಷ ಇದೇ ಕೆಲಸದಲ್ಲಿ ಜನ ಸಾಯುತ್ತಾರೆ” ಎಂದನು. ಅದು ಹೆದರಿಸುವ ಮಾತಲ್ಲ. ಶೀತದಲ್ಲಿ ರಕ್ತನಾಳಗಳು ಸಂಕುಚಿತವಾಗುತ್ತವೆ. ಅದೇ ಸಮಯದಲ್ಲಿ ಭಾರವೆತ್ತುವುದರಿಂದ ಹೃದಯದ ಕೆಲಸ ಹೆಚ್ಚುತ್ತದೆ. ಆದುದರಿಂದಲೇ ವೈದ್ಯರು ವಯಸ್ಸಾದವರಿಗೂ ಹೃದ್ರೋಗವುಳ್ಳವರಿಗೂ ಈ ಕೆಲಸವನ್ನು ಬೇಡವೆನ್ನುವರು. ಆ ದಿನವೇ ಯಂತ್ರದ ಮಾತು ಹುಟ್ಟಿತು.

ಅಲ್ಲಿಯವರು ಇದನ್ನು ಸ್ನೋ ಬ್ಲೋವರ್, ಎಂದರೆ ಹಿಮವನ್ನು ಊದುವ ಯಂತ್ರವೆಂದು ಕರೆಯುವರು. ವಾಸ್ತವವಾಗಿ ಇದು ಊದುವುದೇ ಇಲ್ಲ, ಬಾಚಿ ಎಸೆಯುತ್ತದೆ. ಹಿಮಕ್ಷೇಪಕವೆಂಬ ಹೆಸರೇ ಯುಕ್ತವೆಂದು ನಾನು ವಾದಿಸಿದೆನು. ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಯಾರೂ ಕೊಡುವುದಿಲ್ಲವೆಂದು ಮಗನು ನಕ್ಕನು. ಕೆನಡಾದ ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್ ಎಂಬವನು 1925 ರಲ್ಲಿ ರಸ್ತೆಗಳಿಗಾಗಿ ಕಟ್ಟಿದ ದೊಡ್ಡ ಯಂತ್ರವು ಈ ಕುಲದ ಪೂರ್ವಜ.

ಮನೆಬಳಕೆಯವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಮುಂದೆ ತಿರುಗುವ ರಬ್ಬರಿನ ಅಲಗೇ ಹಿಮವನ್ನು ಬಾಚಿ, ಅದೇ ಬೀಸಿನಲ್ಲಿ ಸೊಂಡಿಲಿನಂಥ ಕೊಳವೆಯ ಮೂಲಕ ಹೊರಗೆಸೆಯುತ್ತದೆ. ಇದು ಹಗುರ, ಅಗ್ಗ. ನೆಲವನ್ನು ಉಜ್ಜಿಕೊಂಡು ಹೋಗುವುದರಿಂದ ಕಲ್ಲುಚಪ್ಪಡಿ, ಡಾಂಬರು ಹಾದಿಗಳು ಚೊಕ್ಕಟವಾಗುವುವು. ಎರಡನೆಯದರಲ್ಲಿ ತಿರುಪಿನಾಕಾರದ ಉಕ್ಕಿನ ಅಲಗು ಹಿಮವನ್ನು ಮಧ್ಯಕ್ಕೆ ತಳ್ಳುವುದು, ಹಿಂದಿರುವ ಇನ್ನೊಂದು ಚಕ್ರವು ವೇಗವಾಗಿ ತಿರುಗಿ ಎಸೆಯುವುದು. ಗಾಲಿಗಳೂ ಎಂಜಿನ್ನಿನ ಬಲದಿಂದಲೇ ನಡೆಯುವುವು. ಇದರ ಅಲಗು ನೆಲಕ್ಕೆ ತಾಗುವುದಿಲ್ಲ. ಪಕ್ಕದ ಲೋಹದ ಪಾದಗಳನ್ನು ಏರಿಸಿ ಇಳಿಸಿ ಎತ್ತರವನ್ನು ಗೊತ್ತುಮಾಡಬಹುದಾದುದರಿಂದ ಜಲ್ಲಿಯ ಹಾದಿಯುಳ್ಳವರು ಇದನ್ನೇ ಕೊಳ್ಳತಕ್ಕದ್ದು. ಮೊದಲನೆಯ ಬಗೆಯದು ಜಲ್ಲಿಯನ್ನೂ ಬಾಚಿ ಎಸೆದೀತು.

ಮೊದಲು ಕೊಳ್ಳುವವರೆಲ್ಲರೂ ತಪ್ಪುವ ಸ್ಥಳ ಒಂದುಂಟು. ನಮ್ಮಲ್ಲಿ ಸಾಧಾರಣವಾಗಿ 5 ಅಂಗುಲ ಬೀಳುತ್ತದೆ, ಚಿಕ್ಕದು ಸಾಕು ಎಂದು ಅವರು ಲೆಕ್ಕ ಹಾಕುವರು. ಆಕಾಶದಿಂದ ಬಿದ್ದ ಹಿಮದ ಮಟ್ಟಿಗೆ ಆ ಲೆಕ್ಕ ಸರಿ. ಆದರೆ ಬೀದಿಯನ್ನು ಗುಡಿಸುವ ಸರಕಾರದ ಲಾರಿಯು ಬೀದಿಯ ಹಿಮವನ್ನೆಲ್ಲ ಪಕ್ಕಕ್ಕೆ ತಳ್ಳುತ್ತ, ನಮ್ಮ ಹಾದಿಯ ಬಾಯಲ್ಲಿ ಒಂದು ಏರಿಯನ್ನೇ ಕಟ್ಟಿ ಹೋಗುತ್ತದೆ. ಉಪ್ಪು, ಕೆಸರು, ಮಂಜುಗಡ್ಡೆ ಸೇರಿದ ಆ ಏರಿಯು ರಾತ್ರಿ ಕಳೆಯುವುದರೊಳಗೆ ಗಾರೆಯಂತೆ ಗಟ್ಟಿಯಾಗುವುದು. ಉಳಿದ ತೊಂಬತ್ತು ಅಡಿಯನ್ನು ಸುಲಭವಾಗಿ ತೆಗೆದ ಚಿಕ್ಕ ಯಂತ್ರವು ಈ ಕೊನೆಯ ಮೊಳದಲ್ಲಿ ಎದ್ದೆದ್ದು ಕುಣಿಯುವುದೇ ಹೊರತು ಒಳಗೆ ಹೋಗದು. ಆಗ ಮತ್ತೆ ಸಲಿಕೆಯೇ ಗತಿ. ದೊಡ್ಡ ಹಾದಿಯುಳ್ಳವರು ಯಂತ್ರವನ್ನು ಈ ಏರಿಗೆ ತಕ್ಕಂತೆ ಆರಿಸಬೇಕು. ಎಂದರೆ ಎರಡನೆಯ ಬಗೆಯದನ್ನೇ.

ಅಗಲದ ವಿಷಯದಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬಾರದು. 20 ಅಡಿಯ ಹಾದಿಗೆ 24 ಅಂಗುಲದ ಯಂತ್ರವು ಹತ್ತು ಸಾಲು ನಡೆಯಬೇಕು, 28 ಅಂಗುಲದ್ದು ಒಂಬತ್ತು. ಒಂದು ಸಾಲಿನ ಲಾಭಕ್ಕೆ ಭಾರವೂ ಬೆಲೆಯೂ ಹೆಚ್ಚುವುವು. ಎಂಜಿನ್ನು ಅದೇ ಇದ್ದು ಬಾಯಿ ಮಾತ್ರ ಅಗಲವಾದರೆ ಬಲವು ಹಂಚಿಹೋಗುವುದು. ಇದಕ್ಕಿಂತ ಮುಖ್ಯವಾದುದು, ತಿರುಗಿಸುವಾಗ ಒಂದು ಗಾಲಿಯನ್ನು ಬಿಡಿಸಿಕೊಡುವ ಸೌಕರ್ಯವಿದೆಯೇ ಎಂಬುದು. ಅದಿಲ್ಲದೆ ಭಾರವಾದ ಯಂತ್ರವನ್ನು ಹೊರಳಿಸುವುದು ಮೊಂಡ ಕೋಣವನ್ನು ತಿರುಗಿಸಿದಂತೆ. ವಿದ್ಯುತ್ ಕೋಶದಿಂದ ನಡೆಯುವ ಯಂತ್ರಗಳು ಈಗ ಬಂದಿವೆ, ಸದ್ದು ಕಡಿಮೆ, ಹೊಗೆಯಿಲ್ಲ. ಆದರೆ ಚಳಿಯಲ್ಲಿ ಕೋಶದ ಶಕ್ತಿ ಕುಗ್ಗುವುದರಿಂದ 100 ಅಡಿಯ ಹಾದಿಗೆ ಪೆಟ್ರೋಲಿನದೇ ಭದ್ರವೆಂದು ನನಗೆ ತೋರಿತು. ಆ ಪೆಟ್ರೋಲನ್ನು ಬೇಸಗೆಯೆಲ್ಲ ಒಳಗೆ ಬಿಟ್ಟರೆ ಅಂಟಾಗಿ ಕಾರ್ಬ್ಯುರೇಟರನ್ನು ಕಟ್ಟಿಹಾಕುವುದು. ಋತು ಮುಗಿಯುತ್ತಲೇ ಬರಿದುಮಾಡಬೇಕು.

ಪಕ್ಕದ ಮನೆಯ ಯಜಮಾನರು ಇದೆಲ್ಲವನ್ನೂ ತಾಳ್ಮೆಯಿಂದ ತಿಳಿಸಿದರು. ಕೈಗವಸು ಕಳಚಿದಾಗ ಅವರ ಬಲಗೈಯಲ್ಲಿ ಎರಡು ಬೆರಳುಗಳ ತುದಿ ಇರಲಿಲ್ಲ. ಕೊಳವೆಯಲ್ಲಿ ಒದ್ದೆ ಹಿಮ ಕಟ್ಟಿಕೊಂಡಾಗ ಎಂಜಿನ್ನನ್ನು ನಿಲ್ಲಿಸಿಯೇ ಕೈ ಹಾಕಿದ್ದರಂತೆ. ಎಂಜಿನ್ನು ನಿಂತರೂ ಬಿಗಿದ ಪಟ್ಟಿಯಲ್ಲಿ ಬಲ ಉಳಿದಿರುತ್ತದೆ. ಹಿಮ ಸಡಿಲಿದೊಡನೆ ಅಲಗು ಒಂದು ಸುತ್ತು ತಿರುಗುತ್ತದೆ. ಆ ಒಂದು ಸುತ್ತು ಸಾಕು. ಎಂಜಿನ್ನನ್ನು ನಿಲ್ಲಿಸಿ, ಕೀಲಿಯನ್ನು ತೆಗೆದು, ಎಲ್ಲವೂ ನಿಶ್ಚಲವಾದ ಮೇಲೆ ಕೋಲಿನಿಂದ ಮಾತ್ರ ಬಿಡಿಸತಕ್ಕದ್ದು. ಹಿಡಿಯನ್ನು ಬಿಟ್ಟೊಡನೆ ಅಲಗು ನಿಲ್ಲುವ ಏರ್ಪಾಡನ್ನು ಹಗ್ಗ ಕಟ್ಟಿ ಕೆಡಿಸುವವರೂ ಇರುವರಂತೆ! ಮುಚ್ಚಿದ ಕೊಠಡಿಯೊಳಗೆ ಎಂಜಿನ್ನನ್ನು ಹಚ್ಚಲೇಕೂಡದು. ಅದರ ವಿಷವಾಯುವಿಗೆ ವಾಸನೆಯಿಲ್ಲ.

ಮಗನು 24 ಅಂಗುಲದ್ದನ್ನು ಕೊಂಡನು. ಜೊತೆಗೆ ಷಿಯರ್ ಪಿನ್ ಎಂಬ ಪುಟ್ಟ ಕೀಲುಗಳನ್ನು ಅರ್ಧ ಡಜನ್ ತಂದನು. ಅಲಗಿಗೆ ಗಟ್ಟಿ ವಸ್ತು ಸಿಕ್ಕಿದಾಗ ಈ ಕೀಲು ತಾನು ಮುರಿದು ಒಳಗಿನ ಗೇರುಗಳನ್ನು ಉಳಿಸುವುದು. ಎರಡನೆಯ ವಾರದಲ್ಲೇ ಒಂದು ಮುರಿಯಿತು. ಅಡಗಿದ್ದುದು ಕಲ್ಲಲ್ಲ, ನಾನು ಬೆಳಿಗ್ಗೆಯಿಂದ ಹುಡುಕುತ್ತಿದ್ದ ವೃತ್ತಪತ್ರಿಕೆ. ಕೀಲನ್ನು ಬದಲಿಸಲು ಐದು ನಿಮಿಷ ಹಿಡಿಯಿತು. ಪತ್ರಿಕೆಯಲ್ಲಿ ಓದುವುದಕ್ಕೆ ಏನೂ ಉಳಿದಿರಲಿಲ್ಲ.