ತುಂಗಭದ್ರೆಯ ಲೆಕ್ಕ: 105 ಟಿಎಂಸಿಯೋ, 106 ಟಿಎಂಸಿಯೋ?

ಹೊಸಪೇಟೆ: 2016ರ ಸಮೀಕ್ಷೆಯ ಪ್ರಕಾರ ತುಂಗಭದ್ರಾ ಜಲಾಶಯದ ಸಂಗ್ರಹ ಸಾಮರ್ಥ್ಯ 105.788 ಟಿಎಂಸಿ ಅಡಿ. ಇದೇ ಸಂಖ್ಯೆಯನ್ನು 105 ಎಂದೂ 106 ಎಂದೂ ಬರೆಯಬಹುದು. ದಶಮಾಂಶ ಭಾಗವನ್ನು ಕೈಬಿಟ್ಟರೆ 105, ಸಮೀಪದ ಪೂರ್ಣಾಂಕಕ್ಕೆ ತಂದರೆ 106. ಹಾಗೆ ಕೈಬಿಟ್ಟ 0.788 ಟಿಎಂಸಿ ಎಂದರೆ ಸುಮಾರು 2,230 ಕೋಟಿ ಲೀಟರ್ ನೀರು. ಕಂಪ್ಲಿಯ ಭತ್ತದ ಗದ್ದೆಗಳಿಗೂ ಹಂಪಿಯ ಬಾಳೆ ತೋಟಗಳಿಗೂ ಈ ನದಿಯೇ ಆಧಾರವಾಗಿರುವಾಗ ಇದು ಸಣ್ಣ ವ್ಯತ್ಯಾಸವಲ್ಲ.

ಇಂದು ಇಂತಹ ಲೆಕ್ಕಗಳನ್ನು ಮಾಡುವುದು ಕಂಪ್ಯೂಟರ್. ಆದರೆ 'ರೌಂಡ್' ಎಂಬ ಒಂದೇ ಆದೇಶಕ್ಕೆ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳೂ ಒಂದೇ ಉತ್ತರ ನೀಡುವುದಿಲ್ಲ. 2.5 ಎಂಬ ಸಂಖ್ಯೆಯನ್ನು ಜಾವಾಸ್ಕ್ರಿಪ್ಟ್ 3 ಮಾಡಿದರೆ, ಪೈಥಾನ್ 3 ಅದನ್ನು 2 ಮಾಡುತ್ತದೆ. ಸರಿಯಾಗಿ ಅರ್ಧಕ್ಕೆ ನಿಂತ ಸಂಖ್ಯೆಯನ್ನು ಸಮೀಪದ ಸಮಸಂಖ್ಯೆಗೆ ಒಯ್ಯುವುದು ಪೈಥಾನ್‌ನ ನಿಯಮ. ಅರ್ಧಗಳನ್ನೆಲ್ಲ ಮೇಲಕ್ಕೇರಿಸುತ್ತ ಹೋದರೆ ಸಾವಿರಾರು ನಮೂದುಗಳ ಮೊತ್ತ ಉಬ್ಬುತ್ತದೆ ಎಂಬುದು ಇದರ ಹಿಂದಿನ ಕಾರಣ.

'ಮೇಲಕ್ಕೆ' ಎಂಬ ಪದವೂ ಸ್ಪಷ್ಟವಲ್ಲ. ಜಲಾಶಯದ ಸಂಗ್ರಹ 2.5 ಟಿಎಂಸಿ ಇಳಿದರೆ ಆ ಬದಲಾವಣೆಯನ್ನು -2.5 ಎಂದು ದಾಖಲಿಸಬೇಕಾಗುತ್ತದೆ. ಇದರ ಮೇಲಿರುವುದು -2 ಎಂದು ಸಾಮಾನ್ಯರು ಭಾವಿಸುತ್ತಾರೆ. 2004ರಲ್ಲಿ ಜಾವಾ ಭಾಷೆಗೆ ಸೇರಿದ ಆಯ್ಕೆಗಳ ಪಟ್ಟಿಯಲ್ಲಿ 'ಅಪ್' ಎಂದರೆ ಸೊನ್ನೆಯಿಂದ ದೂರಕ್ಕೆ. ಆದ್ದರಿಂದ ಉತ್ತರ -3. ಆದರೆ ಅದೇ ಪಟ್ಟಿಯ 'ಸೀಲಿಂಗ್' ಆಯ್ಕೆ -2 ನೀಡುತ್ತದೆ.

ಈ ಗೊಂದಲಕ್ಕೆ 2008ರ ಐಇಇಇ 754 ಮಾನದಂಡದಲ್ಲಿ ಉತ್ತಮ ಪರಿಹಾರವಿದೆ. ಅಲ್ಲಿ ದಿಕ್ಕೇ ಹೆಸರು: ಸೊನ್ನೆಯ ಕಡೆಗೆ, ಧನ ದಿಕ್ಕಿಗೆ, ಋಣ ದಿಕ್ಕಿಗೆ. ಸಮೀಪದ ಸಂಖ್ಯೆಗೆ ತರುವಾಗ ಅರ್ಧ ಎದುರಾದರೆ 'ಸಮಸಂಖ್ಯೆಗೆ' ಅಥವಾ 'ಸೊನ್ನೆಯಿಂದ ದೂರಕ್ಕೆ' ಎಂದು ಅದನ್ನೂ ಹೆಸರಿನಲ್ಲೇ ಹೇಳಲಾಗಿದೆ. ಹೆಸರು ಓದಿದವರಿಗೆ ಫಲಿತಾಂಶ ಮೊದಲೇ ತಿಳಿಯುತ್ತದೆ.

ಕಾನೂನು ಕೂಡ ಇದೇ ಎಚ್ಚರಿಕೆ ವಹಿಸಿದೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಂ ತೆರಿಗೆಯನ್ನು ಸಮೀಪದ ರೂಪಾಯಿಗೆ ತರಬೇಕು ಎಂದಷ್ಟೇ ಹೇಳಿ ನಿಲ್ಲುವುದಿಲ್ಲ. 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆಯಿದ್ದರೆ ಬಿಡಬೇಕು ಎಂದು ವಿವರಿಸುತ್ತದೆ. ಸಂಡೂರಿನ ಅದಿರಿನ ತೆರಿಗೆಗೂ ಹೊಸಪೇಟೆಯ ಅಂಗಡಿಯ ತೆರಿಗೆಗೂ ನಿಯಮ ಒಂದೇ. ನೀರಿನ ಅಂಕಿಅಂಶಗಳ ಜೊತೆಗೂ ಇಂತಹ ಒಂದು ಸಾಲು ಇದ್ದರೆ 105 ಮತ್ತು 106ರ ನಡುವೆ ಜಗಳಕ್ಕೆ ಆಸ್ಪದವಿರದು.