ಬಾವಿಯನ್ನು ಉಣ್ಣುವವರು: ಯೇನಂಜಾಂಗ್ ತೈಲಕ್ಷೇತ್ರದ ಪುನರಾರಂಭ ಮತ್ತು ಶ್ರಮಿಕರ ಅರಿವು

ಕನ್ನಡ ನಾಡಿನ ಹಳ್ಳಿಗಳಿಗೆ ದೀಪದ ಎಣ್ಣೆಯಾಗಿ ಬಂದ ಪೆಟ್ರೋಲಿಯಂ ಉತ್ಪನ್ನಕ್ಕೆ ಜನರಿಟ್ಟ ಹೆಸರು ಸೀಮೆಎಣ್ಣೆ. ಸೀಮೆಸುಣ್ಣ, ಸೀಮೆಹುಣಸೆ, ಸೀಮೆಬದನೆಗಳ ಸಾಲಿಗೆ ಸೇರುವ ಈ ಪದ ವಸ್ತು ಹೊರಗಿನದೆಂದು ಹೇಳುತ್ತದೆಯೇ ಹೊರತು ಆ ಸೀಮೆ ಯಾವುದೆಂದು ಹೇಳುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಭಾರತದ ಅಂಗಡಿಗಳನ್ನು ತಲುಪುತ್ತಿದ್ದ ಸೀಮೆಎಣ್ಣೆಯಲ್ಲಿ ಗಣನೀಯ ಪಾಲು ಬರ್ಮಾದ್ದಾಗಿತ್ತು. 1928ರಲ್ಲಿ ರೂಪುಗೊಂಡು 1976ರಲ್ಲಿ ರಾಷ್ಟ್ರೀಕರಣವಾದ ಬರ್ಮಾ ಶೆಲ್ ಕಂಪನಿಯ ಹೆಸರಿನಲ್ಲಿಯೂ ಆ ಸಂಬಂಧ ಉಳಿದಿತ್ತು. ಆ ಎಣ್ಣೆಯ ಮೂಲಸ್ಥಾನಗಳಲ್ಲಿ ಮುಖ್ಯವಾದುದು ಐರಾವತಿ ನದಿಯ ಪೂರ್ವದಂಡೆಯ ಒಣಪ್ರದೇಶದಲ್ಲಿರುವ ಯೇನಂಜಾಂಗ್. ಬರ್ಮೀ ಭಾಷೆಯಲ್ಲಿ 'ಯೇ' ಎಂದರೆ ನೀರು, 'ನಂ' ಎಂದರೆ ನಾತ, 'ಜಾಂಗ್' ಎಂದರೆ ತೊರೆ. ನಾತದ ನೀರಿನ ತೊರೆ ಎಂಬ ಈ ಹೆಸರು ಯಾವ ಭೂವಿಜ್ಞಾನಿಯೂ ಅಲ್ಲಿಗೆ ಬರುವ ಮೊದಲೇ ಜನ ಕಂಡುಕೊಂಡಿದ್ದ ಸತ್ಯವನ್ನು ಹೇಳುತ್ತದೆ.

ತೈಲೋದ್ಯಮದ ಚರಿತ್ರೆಗಳು ಸಾಮಾನ್ಯವಾಗಿ ಯಂತ್ರದಿಂದ ಆರಂಭವಾಗುತ್ತವೆ. ಯೇನಂಜಾಂಗಿನ ಚರಿತ್ರೆ ಹಗ್ಗದಿಂದ ಆರಂಭವಾಗುತ್ತದೆ. 1795ರಲ್ಲಿ ಮೈಕೇಲ್ ಸೈಮ್ಸ್, 1797ರಲ್ಲಿ ಹೈರಮ್ ಕಾಕ್ಸ್ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಗಳಾಗಿ ಆ ದಾರಿಯಲ್ಲಿ ಹೋದಾಗ ಅಲ್ಲಿ ಕೈಯಿಂದ ತೋಡಿದ ನೂರಾರು ಬಾವಿಗಳಿದ್ದವು. ಬಾವಿಯ ಬಾಯಿ ಚೌಕಾಕಾರ. ಒಳಗೋಡೆಗಳು ಕುಸಿಯದಂತೆ ಮರದ ಚೌಕಟ್ಟು. ಮೇಲೆ ಅಡ್ಡಲಾಗಿ ಒಂದು ಮರದ ಉರುಳೆ. ಮಡಕೆ ತುಂಬಿದಾಗ ಇಬ್ಬರು ಹಗ್ಗದ ತುದಿ ಹಿಡಿದು, ಬಾವಿಯ ಆಳದಷ್ಟೇ ಉದ್ದಕ್ಕೆ ಕಡಿದ ಇಳಿಜಾರಿನಲ್ಲಿ ಕೆಳಕ್ಕೆ ಓಡುತ್ತಿದ್ದರು. ಬಯಲುಸೀಮೆಯ ಕಪಿಲೆ ಬಾವಿಯನ್ನು ಬಲ್ಲವರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾಗಿಲ್ಲ. ಕಪಿಲೆಯಲ್ಲಿ ಎತ್ತುಗಳು ಇಳಿಯುವ ಜಾಡಿನಲ್ಲಿ ಇಲ್ಲಿ ಮನುಷ್ಯರು ಇಳಿಯುತ್ತಿದ್ದರು, ಅಷ್ಟೆ.

ಬಾವಿ ತೋಡುವವನ ಕೆಲಸ ಹೆಚ್ಚು ಘೋರವಾದುದು. ಅನಿಲ ತುಂಬಿದ ಗುಂಡಿಗೆ ದೀಪವನ್ನು ಒಯ್ಯುವಂತಿಲ್ಲ. ಆದುದರಿಂದ ಇಳಿಯುವವನ ಕಣ್ಣಿಗೆ ಮೊದಲೇ ಬಟ್ಟೆ ಕಟ್ಟಿ ಕತ್ತಲೆಗೆ ಒಗ್ಗಿಸಲಾಗುತ್ತಿತ್ತು. ತಳ ಮುಟ್ಟಿದೊಡನೆ ಆತ ಬಟ್ಟೆ ಬಿಚ್ಚಿ ಕೆಲವು ಏಟು ಹೊಡೆದು, ಉಸಿರು ಕಟ್ಟುವ ಮೊದಲೇ ಮೇಲೆ ಬರಬೇಕು. ಆಳ ಹೆಚ್ಚಿದಂತೆ ತಳದಲ್ಲಿ ನಿಲ್ಲಬಹುದಾದ ಅವಧಿ ಕ್ಷಣಗಳಿಗೆ ಇಳಿಯುತ್ತಿತ್ತು. 1890ರ ದಶಕದಲ್ಲಿ ಸಮುದ್ರದಲ್ಲಿ ಮುಳುಗುವವರು ತೊಡುವ ಲೋಹದ ಶಿರಸ್ತ್ರಾಣವೂ ಗಾಳಿ ಊದುವ ಪಂಪೂ ಬಂದವು. ತೋಡುವವರು ಅವನ್ನು ತಡವಿಲ್ಲದೆ ತಮ್ಮದಾಗಿಸಿಕೊಂಡರು. ಪರಂಪರೆಯ ಕಸುಬುದಾರರು ಹೊಸ ಸಾಧನಗಳಿಗೆ ಬೆನ್ನು ತಿರುಗಿಸುತ್ತಾರೆಂಬ ರೂಢಿಯ ಅಭಿಪ್ರಾಯಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಈ ಬಾವಿಗಳ ಹಕ್ಕು ವಂಶಪಾರಂಪರ್ಯವಾಗಿ ಇಪ್ಪತ್ತನಾಲ್ಕು ಮನೆತನಗಳಿಗೆ ಸೇರಿತ್ತು. ಹಕ್ಕುದಾರರಿಗೆ 'ತ್ವಿನ್‌ಜಾ' ಎಂದು ಹೆಸರು. 'ತ್ವಿನ್' ಎಂದರೆ ಬಾವಿ, 'ಜಾ' ಎಂದರೆ ತಿನ್ನುವವನು. ಅಂದರೆ ಬಾವಿಯನ್ನು ಉಣ್ಣುವವನು. ಊರಿನ ಆದಾಯ ಪಡೆಯುವ ಅಧಿಕಾರಿಯನ್ನೂ ಬರ್ಮೀಯರು 'ಮ್ಯೋಜಾ', ಊರನ್ನು ಉಣ್ಣುವವನು, ಎಂದೇ ಕರೆಯುತ್ತಿದ್ದರು. 'ಉಣ್' ಧಾತುವಿನಿಂದ 'ಉಂಬಳಿ' ಎಂಬ ಪದವನ್ನು ಪಡೆದ ಕನ್ನಡಿಗರಿಗೆ ಈ ರೂಪಕ ಅಪರಿಚಿತವಲ್ಲ. ಉಂಬಳಿ ಹೊಲವನ್ನು ಉಳದೆ ಉಣ್ಣಲಾಗದು. ತ್ವಿನ್‌ಜಾ ಹಕ್ಕಿನಲ್ಲಿಯೂ ಉಣ್ಣುವುದಕ್ಕೆ ಬಾವಿಯನ್ನು ಉಳಿಸಿಕೊಳ್ಳುವ ಹೊಣೆ ಅಂಟಿಕೊಂಡಿತ್ತು.

1850ರ ದಶಕದಲ್ಲಿ ಮಿಂಡೋನ್ ದೊರೆ ತೈಲ ವ್ಯಾಪಾರವನ್ನು ರಾಜಸ್ವಾಮ್ಯಕ್ಕೆ ತೆಗೆದುಕೊಂಡನು. 1886ರಲ್ಲಿ ಉತ್ತರ ಬರ್ಮಾ ಬ್ರಿಟಿಷ್ ಆಳ್ವಿಕೆಗೆ ಸೇರಿತು; ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಬರ್ಮಾ ಆಯಿಲ್ ಕಂಪನಿ ಹುಟ್ಟಿತು. ತ್ವಿನ್‌ಗೋನ್ ಮತ್ತು ಬೇಮೆ ಎಂಬ ಎರಡು ಪ್ರದೇಶಗಳನ್ನು ಸರ್ಕಾರ ತ್ವಿನ್‌ಜಾಗಳಿಗೆ ಮೀಸಲಿಟ್ಟಿತು. ಆದರೆ ಕಂಪನಿಗಳು ಬಾವಿಯ ನಿವೇಶನಗಳನ್ನು ಅವರಿಂದ ಒಂದೊಂದಾಗಿ ಪಡೆದುಕೊಂಡವು. ಚಿಕ್ಕ ಚಿಕ್ಕ ನಿವೇಶನಗಳಲ್ಲಿ ಕೊರೆಯುವ ಗೋಪುರಗಳು ಒಂದರ ಮೈಗೊಂದು ತಾಗುವಂತೆ ಎದ್ದವು. ನೆಲದಡಿಯ ಎಣ್ಣೆಗೆ ಮೇಲಿನ ಗಡಿಕಲ್ಲುಗಳ ಪರಿವೆಯಿಲ್ಲ. ಯಾರು ಮೊದಲು ಎತ್ತಿದರೋ ಅವರದು. ಈ ಪೈಪೋಟಿಯಲ್ಲಿ ಎಣ್ಣೆಯನ್ನು ಮೇಲೆ ತಳ್ಳುವ ಅನಿಲದ ಒತ್ತಡ ವ್ಯರ್ಥವಾಯಿತು. ಯೇನಂಜಾಂಗಿನ ಮೊದಲ ಹಾನಿ ಯುದ್ಧದಿಂದಲ್ಲ, ಅವಸರದಿಂದ ಆಯಿತೆಂದೇ ಹೇಳಬೇಕು.

ತೈಲಕ್ಷೇತ್ರವನ್ನು ನಡೆಸುವುದೆಂದರೆ ಎಣ್ಣೆ ಎತ್ತುವುದಷ್ಟೇ ಅಲ್ಲ. ಬಾವಿಯಿಂದ ಬರುವುದು ಎಣ್ಣೆ, ಅನಿಲ, ಉಪ್ಪುನೀರು, ಮರಳುಗಳ ಮಿಶ್ರಣ. ಅದನ್ನು ಮೊದಲು ತೊಟ್ಟಿಗಳಲ್ಲಿ ಹಾಯಿಸಿ ಅನಿಲವನ್ನು ಬೇರ್ಪಡಿಸಬೇಕು. ನಿಲ್ಲಿಸಿ, ಕಾಯಿಸಿ ನೀರನ್ನು ಇಳಿಸಬೇಕು. ಯೇನಂಜಾಂಗಿನ ಎಣ್ಣೆಯಲ್ಲಿ ಮೇಣದ ಅಂಶ ಹೆಚ್ಚು. ಇಂಗ್ಲೆಂಡಿನ ವಾರೆನ್ ಡಿ ಲಾ ರೂ 1850ರ ದಶಕದಲ್ಲಿ ಈ ಎಣ್ಣೆಯಿಂದಲೇ ಮೇಣ ತೆಗೆದನು; ಅದು ಮೇಣದಬತ್ತಿಯ ಕಾರ್ಖಾನೆಗೆ ಹೋಯಿತು. ಮೇಣದಬತ್ತಿಗೆ ಲಾಭವಾದುದು ಕೊಳವೆಗೆ ಶತ್ರು. ತಂಪಾದೊಡನೆ ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಹೀಗಾಗಿ ಹರಿವು ನಿಲ್ಲದಂತೆ ಕಾಯುವುದೇ ಇಲ್ಲಿನ ನಿತ್ಯದ ಕೆಲಸ. 1909ರ ಹೊತ್ತಿಗೆ ಇಲ್ಲಿಂದ ರಂಗೂನಿನೆದುರಿನ ಸಿರಿಯಂ ಸಂಸ್ಕರಣಾಗಾರಕ್ಕೆ ಸುಮಾರು 275 ಮೈಲಿಗಳ ಕೊಳವೆ ಮಾರ್ಗ ಸಿದ್ಧವಾಯಿತು. ಇಂದು ತಾನ್ಲಿನ್ ಎನಿಸಿಕೊಂಡಿರುವ ಸಿರಿಯಂನಲ್ಲಿ ಕಚ್ಚಾ ಎಣ್ಣೆಯನ್ನು ಬಟ್ಟಿ ಇಳಿಸಿ ಮೊದಲು ಪೆಟ್ರೋಲು, ಆಮೇಲೆ ಸೀಮೆಎಣ್ಣೆ, ಕೊನೆಗೆ ಭಾರವಾದ ಎಣ್ಣೆ ಮತ್ತು ಮೇಣವನ್ನು ಪಡೆಯುತ್ತಿದ್ದರು. ಅಲ್ಲಿನ ಕೂಲಿಗಳಲ್ಲಿ ದೊಡ್ಡ ಸಂಖ್ಯೆಯವರು ಬಂಗಾಳಕೊಲ್ಲಿಯನ್ನು ದಾಟಿ ಹೋದ ಭಾರತೀಯರು.

ಈ ಶ್ರಮಿಕರ ಅಸಮಾಧಾನ 1938ರಲ್ಲಿ ಸ್ಫೋಟಿಸಿತು. ಚಾವ್ಕ್ ಮತ್ತು ಯೇನಂಜಾಂಗಿನ ಕಾರ್ಮಿಕರು ಮುಷ್ಕರ ಹೂಡಿ, ವರ್ಷದ ಕೊನೆಯಲ್ಲಿ ಕಾಲ್ನಡಿಗೆಯಲ್ಲಿ ರಂಗೂನಿಗೆ ಹೊರಟರು. ಬರ್ಮೀ ಶಕೆ 1300ರಲ್ಲಿ ನಡೆದುದರಿಂದ ಜನ ಅದನ್ನು 'ಸಾವಿರದ ಮುನ್ನೂರರ ಕ್ರಾಂತಿ' ಎಂದು ನೆನೆಯುತ್ತಾರೆ. ಮುಂದಾಳು ಪೋ ಹ್ಲಾ ಜೀಗೆ ಬೌದ್ಧ ಕಥೆಗಳಲ್ಲಿ ಬರುವ ಯಕ್ಷನಾದ ಆಳವಕನ ಹೆಸರೇ ಅಡ್ಡಹೆಸರಾಗಿತ್ತು. ಬುದ್ಧನಿಗೆ ಮಣಿದ ಯಕ್ಷನನ್ನು ಕಂಪನಿಗೆ ಮಣಿಯದ ನಾಯಕನಿಗೆ ಹೋಲಿಸಿದ ಜನಮನದ ಜಾಣ್ಮೆ ಗಮನಾರ್ಹ.

1942ರ ಏಪ್ರಿಲ್ 15-16ರಂದು ಜಪಾನಿ ಸೇನೆ ಸಮೀಪಿಸುತ್ತಿದ್ದಾಗ ಬ್ರಿಟಿಷರು ತಮ್ಮ ಕೈಯಿಂದಲೇ ಈ ಕ್ಷೇತ್ರವನ್ನು ನಾಶ ಮಾಡಿದರು. ತೊಟ್ಟಿಗಳಿಗೆ ಬೆಂಕಿ ಇಟ್ಟರು, ವಿದ್ಯುತ್ ಸ್ಥಾವರವನ್ನು ಸಿಡಿಸಿದರು, ಬಾವಿಗಳನ್ನು ಕೆಡಿಸಿದರು. ಸಿರಿಯಂ ಸಂಸ್ಕರಣಾಗಾರ ಮಾರ್ಚಿ ತಿಂಗಳಲ್ಲಿಯೇ ಸುಟ್ಟುಹೋಗಿತ್ತು.

ಹೀಗೆ ಕೆಡಿಸಿದ ಕ್ಷೇತ್ರವನ್ನು ಮತ್ತೆ ಚಾಲನೆಗೆ ತರುವುದು ಹೊಸದನ್ನು ಕಟ್ಟುವುದಕ್ಕಿಂತ ಕಷ್ಟ. ಹೊಸ ಬಾವಿಯ ಆಳ ಗೊತ್ತಿರುವುದಿಲ್ಲ, ಆದರೆ ಅದರೊಳಗೆ ಯಾರೂ ಏನನ್ನೂ ಬಿಸಾಡಿರುವುದಿಲ್ಲ. ಹಳೆಯ ಬಾವಿಯಲ್ಲಿ ಮುರಿದ ಕೊಳವೆ, ಕಬ್ಬಿಣದ ಚೂರುಗಳು ಸಿಕ್ಕಿಕೊಂಡಿರುತ್ತವೆ. ಅವನ್ನು ಕೊಕ್ಕೆ, ಹಿಡಿಕೆಗಳನ್ನು ಇಳಿಸಿ ತೆಗೆಯುವ ಕೆಲಸವನ್ನು ಜಗತ್ತಿನ ಎಲ್ಲ ಕೊರೆತಗಾರರೂ 'ಮೀನು ಹಿಡಿಯುವುದು' ಎನ್ನುತ್ತಾರೆ. ಬಾವಿಯಲ್ಲಿ ಬಿದ್ದ ವಸ್ತುವೇ ಮೀನು. ಕಾಣದ ಆಳದಲ್ಲಿ ಹಗ್ಗದ ಬಿಗಿ ಸಡಿಲುಗಳಿಂದಲೇ ಕೊಕ್ಕೆ ಕಚ್ಚಿತೋ ಜಾರಿತೋ ಎಂದು ತಿಳಿಯಬೇಕು. ಕೊಳವೆಬಾವಿಗೆ ಬಿದ್ದ ಮೋಟರನ್ನು ಎತ್ತುವ ನಮ್ಮ ಊರುಗಳ ಕಸುಬುದಾರರಿಗೂ ಇದೇ ಸ್ಪರ್ಶಜ್ಞಾನ ಆಧಾರ. ಆಮೇಲೆ ತುಕ್ಕು ಹಿಡಿದ ಕೇಸಿಂಗ್ ಪೈಪಿನ ಸೋರಿಕೆ ಮುಚ್ಚಬೇಕು. ಇಲ್ಲವಾದರೆ ಮೇಲಿನ ಪದರದ ನೀರು ಎಣ್ಣೆಯ ಪದರಕ್ಕೆ ಇಳಿದು ಅಕ್ಕಪಕ್ಕದ ಬಾವಿಗಳನ್ನೂ ಕೆಡಿಸುತ್ತದೆ. ಗಟ್ಟಿಯಾದ ಮೇಣವನ್ನು ಕೆರೆದು ಕರಗಿಸಬೇಕು. ವಿದ್ಯುತ್ತು, ಹಬೆ, ತೊಟ್ಟಿ, ಕೊಳವೆ, ಸಂಸ್ಕರಣಾಗಾರ ಇವು ಒಂದನ್ನೊಂದು ಕಾಯುವ ಸರಪಣಿ. ಬಾವಿ ಹರಿದರೂ ತೊಟ್ಟಿಯಿಲ್ಲದಿದ್ದರೆ ಹರಿವು ನಿಲ್ಲಿಸಲೇಬೇಕು.

ಜಪಾನೀಯರು ಭಾಗಶಃ ಇದನ್ನು ಸಾಧಿಸಿದರು. 1945ರ ನಂತರ ಕಂಪನಿ ಮತ್ತೆ ಬಂದಾಗ ಯಂತ್ರಗಳ ಕೊರತೆ ಹಡಗಿನಲ್ಲಿ ತುಂಬಿತು. ಕೈಗಳ ಕೊರತೆ ಹಾಗೆ ತುಂಬುವಂತಿರಲಿಲ್ಲ. 1942ರಲ್ಲಿ ಲಕ್ಷಾಂತರ ಭಾರತೀಯರು ಕಾಡುದಾರಿಯಲ್ಲಿ ನಡೆದು ಬರ್ಮಾವನ್ನು ತೊರೆದಿದ್ದರು. ದಾರಿಯಲ್ಲಿ ಸತ್ತವರ ಜೊತೆ, ಯಾವ ಕವಾಟ ಎಷ್ಟು ತಿರುಗಿದರೆ ಬಿಗಿಯುತ್ತದೆ, ಯಾವ ಬಾಯ್ಲರು ಯಾವ ಸದ್ದಿಗೆ ಎಚ್ಚರಿಸುತ್ತದೆ ಎಂಬ ಅರಿವೂ ಹೋಗಿತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. 1949ರಲ್ಲಿ ಅಂತರ್ಯುದ್ಧ ಯೇನಂಜಾಂಗನ್ನು ಮತ್ತೆ ಮುಟ್ಟಿತು. ಬಂಡಾಯಗಾರ ಪಡೆಗಳು ಊರನ್ನು ಹಿಡಿದವು. 1954ರಲ್ಲಿ ಸರ್ಕಾರದ ಪಾಲುದಾರಿಕೆ, 1963ರಲ್ಲಿ ರಾಷ್ಟ್ರೀಕರಣ.

ಇತ್ತ ಬ್ರಿಟನ್ನಿನಲ್ಲಿ ನಷ್ಟದ ಲೆಕ್ಕ ನ್ಯಾಯಾಲಯ ಏರಿತ್ತು. 1964ರಲ್ಲಿ ಹೌಸ್ ಆಫ್ ಲಾರ್ಡ್ಸಿನ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಕಂಪನಿಗೆ ಪರಿಹಾರ ಸಲ್ಲಬೇಕೆಂದರು. ಮರುವರ್ಷವೇ ಪಾರ್ಲಿಮೆಂಟು ಯುದ್ಧಹಾನಿ ಕಾಯಿದೆಯನ್ನು ಪೂರ್ವಾನ್ವಯವಾಗಿ ಮಾಡಿ ಆ ಹಕ್ಕನ್ನೇ ಇಲ್ಲವಾಗಿಸಿತು. ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಈ ಮೊಕದ್ದಮೆಯಲ್ಲಿ ಎಣ್ಣೆಗೂ ಸ್ಥಾವರಗಳಿಗೂ ಬೆಲೆ ಕಟ್ಟುವ ಪ್ರಶ್ನೆ ಇತ್ತು. ಬಾವಿಯನ್ನು ಉಣ್ಣುತ್ತಿದ್ದ ಮನೆತನಗಳಾಗಲಿ, ನಡೆದು ಹೋದ ಕೂಲಿಗಳಾಗಲಿ ಅದರಲ್ಲಿ ಕಕ್ಷಿಗಾರರಾಗಿರಲಿಲ್ಲ.

1990ರ ದಶಕದ ಉತ್ತರಾರ್ಧದಲ್ಲಿ ಯೇನಂಜಾಂಗ್ ಮತ್ತು ಚಾವ್ಕ್‌ಗಳ ಹಳೆಯ ಬಾವಿಗಳಿಗೆ ಮರುಜೀವ ಕೊಡಲು ವಿದೇಶಿ ಪಾಲುದಾರಿಕೆಯ ಒಪ್ಪಂದವಾಯಿತು. ಅದೇ ಮಾಗ್ವೆ ಪ್ರಾಂತದಲ್ಲಿ 2010ರ ದಶಕದಲ್ಲಿ ಸಾವಿರಾರು ಜನ ಕಂಪನಿಯಿಲ್ಲದೆಯೇ ಎಣ್ಣೆ ತೆಗೆಯತೊಡಗಿದರು. ಮೂರು ಬಿದಿರು ಅಥವಾ ಮರದ ಕಾಲುಗಳ ಗೋಪುರ, ಒಂದು ಚಿಕ್ಕ ಡೀಸೆಲ್ ಎಂಜಿನ್ನು, ಉದ್ದನೆಯ ಕಬ್ಬಿಣದ ಕೊಳವೆ, ಅದನ್ನು ಏರಿಸಿ ಇಳಿಸುವ ಹಗ್ಗ. ಎಣ್ಣೆಯನ್ನು ಪೀಪಾಯಿಗಳಿಗೆ ತುಂಬಿ ಮಾರುತ್ತಾರೆ. ಹೆಂಗಸರು ಮಕ್ಕಳು ಗೋಪುರದ ನೆರಳಿನಲ್ಲಿಯೇ ಅಡುಗೆ ಮಾಡಿ ಊಟಕ್ಕೆ ಕೂರುತ್ತಾರೆ.